ಪ್ರಶ್ನೆಪೆಟ್ಟಿಗೆಯ ಒಂದು ಚೀಟಿ: ಮೊಡವೆ ಔಷಧ ಮತ್ತು ಗಂಡುಮಕ್ಕಳ ಬೆಳವಣಿಗೆ

ಬೋಧನಾಭ್ಯಾಸದಲ್ಲಿ ಎಂಟನೆಯ ತರಗತಿಯ ಹದಿಹರೆಯದ ಘಟಕ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಬಾಯಿಬಿಟ್ಟು ಕೇಳಲು ನಾಚುತ್ತಾರೆಂದು ಖಾಲಿ ಚಾಕ್‌ಪೀಸ್ ಡಬ್ಬಿಯನ್ನೇ ಪ್ರಶ್ನೆಪೆಟ್ಟಿಗೆ ಮಾಡಿ, ಹೆಸರಿಲ್ಲದೆ ಚೀಟಿ ಹಾಕಲು ಹೇಳಿದ್ದೆ. ಎರಡನೆಯ ದಿನ ಒಂದು ಚೀಟಿ ಬಂತು: “ಮೊಡವೆಗೆ ಮಾತ್ರೆ ತಗೊಂಡ್ರೆ ಮೀಸೆ ಬರಲ್ವಾ ಸರ್?”

ತರಗತಿ ನಕ್ಕಿತು. ನಾನೂ ನಕ್ಕುಬಿಟ್ಟೆ. “ಮೊಡವೆ ಔಷಧ ಚರ್ಮಕ್ಕೆ ಮಾತ್ರ, ಮೀಸೆಗೇನೂ ಆಗಲ್ಲ” ಎಂದು ಹೇಳಿ ಧ್ವನಿಪೆಟ್ಟಿಗೆಯ ಚಿತ್ರಕ್ಕೆ ಹೋದೆ. ಪಾಠ ವೀಕ್ಷಿಸಿದ ಉಪನ್ಯಾಸಕರು ನನ್ನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಯಾವ ಮಾತ್ರೆ ಎಂದು ಕೇಳಿದಿರಾ?”

ಕೇಳಿರಲಿಲ್ಲ. ಊಟದ ಬಿಡುವಿನಲ್ಲಿ ಒಬ್ಬ ಹುಡುಗ ತಾನಾಗಿಯೇ ಬಂದ. ಅಕ್ಕನಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯಿಂದ ಅವಳ ಮುಖ ತಿಳಿಯಾಗಿದೆಯಂತೆ. ಒಂದು ವಾರದಿಂದ ಇವನೂ ಕದ್ದು ಅದನ್ನೇ ನುಂಗುತ್ತಿದ್ದ. ಜೇಬಿನಲ್ಲಿದ್ದ ಪಟ್ಟಿಯ ಮೇಲಿನ ಹೆಸರು ಸ್ಪೈರೊನೊಲ್ಯಾಕ್ಟೋನ್.

ಅಂದು ರಾತ್ರಿ ಕುಳಿತು ಓದಿದಾಗ ನನ್ನ ತಪ್ಪು ಎಲ್ಲಿದೆಯೆಂದು ತಿಳಿಯಿತು. ಪಾಠದಲ್ಲಿ ಮೊಡವೆಯನ್ನು ತೈಲಗ್ರಂಥಿಗಳಿಗೂ ಮೀಸೆಯನ್ನು ಟೆಸ್ಟೋಸ್ಟೆರಾನಿಗೂ ಜೋಡಿಸಿದ್ದೆ. ಆ ತೈಲಗ್ರಂಥಿಗಳನ್ನು ಚುರುಕುಗೊಳಿಸುವುದೂ ಟೆಸ್ಟೋಸ್ಟೆರಾನಿನಂಥ ಆಂಡ್ರೋಜನ್ ಹಾರ್ಮೋನುಗಳೇ ಎಂಬ ಗೆರೆಯನ್ನು ಎಳೆದಿರಲಿಲ್ಲ. ಹುಡುಗ ಎಳೆದಿದ್ದ!

ಹೆಚ್ಚಿನ ಮೊಡವೆ ಔಷಧಗಳು ಆ ಹಾರ್ಮೋನಿನ ತಂಟೆಗೆ ಹೋಗುವುದಿಲ್ಲ. ಬೆಂಝಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮುಲಾಮುಗಳು ಹಚ್ಚಿದ ಜಾಗದಲ್ಲೇ ಕೆಲಸ ಮಾಡುತ್ತವೆ. ಡಾಕ್ಸಿಸೈಕ್ಲಿನ್ ಬ್ಯಾಕ್ಟೀರಿಯಾ ಮತ್ತು ಉರಿಯೂತಕ್ಕೆ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ‘ಎ’ ಜೀವಸತ್ವದ ಬಳಗದ್ದು, ತೈಲಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಅದು ಪ್ರೌಢಾವಸ್ಥೆಯನ್ನು ತಡೆಯುವ ಔಷಧವಲ್ಲ, ಆದರೆ ರಕ್ತಪರೀಕ್ಷೆ, ವೈದ್ಯರ ನಿಗಾ ಬೇಕೇ ಬೇಕು. ಬ್ರಿಟನ್ನಿನಲ್ಲಿ 2023ರಲ್ಲಿ 18 ವರ್ಷದೊಳಗಿನವರಿಗೆ ಅದನ್ನು ಆರಂಭಿಸಲು ಔಷಧ ಬರೆದುಕೊಡುವ ಇಬ್ಬರ ಒಪ್ಪಿಗೆಯನ್ನು ಕಡ್ಡಾಯ ಮಾಡಿದ್ದರು.

ಸ್ಪೈರೊನೊಲ್ಯಾಕ್ಟೋನ್ ಬೇರೆ ಜಾತಿಯದು. ರಕ್ತದೊತ್ತಡ, ಹೃದಯದ ತೊಂದರೆಗೆ ಬಳಸುವ ಈ ಮಾತ್ರೆ ಆಂಡ್ರೋಜನ್ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಆದ್ದರಿಂದಲೇ ಹೆಂಗಸರ ಮೊಡವೆಗೆ ಉಪಯುಕ್ತ. ಗಂಡಸರಲ್ಲಿ ಸ್ತನ ಊದಬಹುದೆಂದು ಮೊಡವೆಗಾಗಿ ಹುಡುಗರಿಗೆ ಈ ಮಾತ್ರೆ ಕೊಡುವುದಿಲ್ಲ. (ಔಷಧವಿಲ್ಲದೆಯೂ ಈ ವಯಸ್ಸಿನ ಅನೇಕ ಹುಡುಗರಿಗೆ ಎದೆ ತುಸು ಊದಿ, ಒಂದೆರಡು ವರ್ಷದಲ್ಲಿ ಇಳಿಯುವುದುಂಟು. ಇದನ್ನೂ ಪಾಠದಲ್ಲಿ ಹೇಳಬೇಕು, ಇಲ್ಲದಿದ್ದರೆ ಹೆದರಿಕೆಯೇ ಉಳಿಯುತ್ತದೆ.)

ಮಾತ್ರೆ ನಿಲ್ಲಿಸೆಂದು ಬಿಡುವಿನಲ್ಲೇ ಹೇಳಿ, ಅವನ ಒಪ್ಪಿಗೆ ಪಡೆದು ತರಗತಿ ಶಿಕ್ಷಕಿಯ ಮೂಲಕ ತಾಯಿಗೆ ತಿಳಿಸಿದ್ದೆವು. ಡಾಕ್ಟರು ನೋಡಿ, ತೊಂದರೆಯಾಗಿಲ್ಲ ಎಂದರಂತೆ.

ಮರುದಿನ ತರಗತಿಯಲ್ಲಿ “ನಿನ್ನೆಯ ಚೀಟಿಗೆ ನಾನು ಕೊಟ್ಟ ಉತ್ತರ ತಪ್ಪು, ನಕ್ಕಿದ್ದೂ ತಪ್ಪು” ಎಂದೆ. ಹುಡುಗನ ಸುದ್ದಿ ಎತ್ತಲಿಲ್ಲ. ವೃಷಣ, ಹಾರ್ಮೋನು, ಅಲ್ಲಿಂದ ಮೀಸೆಗೊಂದು ಬಾಣ, ತೈಲಗ್ರಂಥಿಗೊಂದು ಬಾಣ ಬರೆದು, ಯಾವ ಔಷಧ ಎಲ್ಲಿ ತಡೆಯುತ್ತದೆಂದು ಮಕ್ಕಳಿಂದಲೇ ಗುರುತು ಹಾಕಿಸಿದೆ. ಯೋಜನೆಯಲ್ಲಿಲ್ಲದ 20 ನಿಮಿಷ ಹೋಯಿತು. ಧ್ವನಿಪೆಟ್ಟಿಗೆ ಉಳಿದೇ ಹೋಯಿತು.

ಸಂಜೆ ಡಬ್ಬಿಯಲ್ಲಿ ಇನ್ನೊಂದು ಚೀಟಿ: “ಮೆಡಿಕಲ್‌ನಲ್ಲಿ ಕೇಳಿ ತಂದ ಕ್ರೀಮು ಹಚ್ಚಬಹುದಾ?” ಸ್ಟೀರಾಯ್ಡ್ ಇರುವ ಕ್ರೀಮಿನಿಂದಲೇ ಮೊಡವೆ ಏಳುವುದುಂಟು. ಟ್ಯೂಬಿನ ಮೇಲಿನ ಹೆಸರನ್ನು ಬರೆದು ಹಾಕಿ ಎಂದು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಬಂದೆ.