ಹೊಸ ಮೆಡಿಕಲ್ ಕಾಲೇಜಿಗೆ ಹಣ ಕಟ್ಟುವ ಮುನ್ನ

ನೀಟ್ ಫಲಿತಾಂಶ ಬಂದ ಮರುದಿನದಿಂದಲೇ ಫೋನು ಶುರುವಾಗುತ್ತದೆ. "ಸರ್, ಮಗಳಿಗೆ ಸೀಟು ನೋಡ್ತಿದ್ದೀರಂತೆ. ಹೊಸ ಕಾಲೇಜು, ಬಿಲ್ಡಿಂಗು, ಹಾಸ್ಟೆಲು ಎಲ್ಲ ಸೂಪರ್. ಈ ವಾರ ಐದು ಲಕ್ಷ ಅಡ್ವಾನ್ಸ್ ಕೊಟ್ರೆ ಬ್ಲಾಕ್ ಮಾಡಿಸ್ತೀನಿ." ನಮ್ಮ ನಂಬರು ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಆ ಕಡೆಯಿಂದ ಉತ್ತರವಿಲ್ಲ.

ಮೊದಲು ಈ 'ಬ್ಲಾಕ್' ವ್ಯವಹಾರದ ಮಾತು ಮುಗಿಸಿಬಿಡೋಣ. ದೇಶದ ಯಾವ ಕಾಲೇಜಿನ ಎಂಬಿಬಿಎಸ್ ಸೀಟೂ ನೀಟ್ ಅಂಕ ಮತ್ತು ಕೌನ್ಸೆಲಿಂಗ್ ದಾಟದೆ ಸಿಗುವಂತಿಲ್ಲ. ಮ್ಯಾನೇಜ್‌ಮೆಂಟ್ ಸೀಟಾಗಲಿ, ಎನ್‌ಆರ್‌ಐ ಸೀಟಾಗಲಿ ಇದಕ್ಕೆ ಹೊರತಲ್ಲ. ಕರ್ನಾಟಕದ ಖಾಸಗಿ ಕಾಲೇಜುಗಳಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ), ಡೀಮ್ಡ್ ವಿಶ್ವವಿದ್ಯಾಲಯಗಳಾದರೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ). ಇವೆರಡರ ಹೊರಗೆ ಯಾರು 'ನೇರ ಪ್ರವೇಶ' ಎಂದರೂ ನಂಬಬೇಡಿ. ನಂಬಿದವರ ಕಥೆ ಸುಪ್ರೀಂ ಕೋರ್ಟಿನ ದಾಖಲೆಯಲ್ಲಿದೆ. 2017-18ರಲ್ಲಿ ಉತ್ತರ ಪ್ರದೇಶದ ಉನ್ನಾವ್‌ನ ಕಾಲೇಜೊಂದು 132 ಮಂದಿಯನ್ನು ಕೌನ್ಸೆಲಿಂಗ್ ಬಿಟ್ಟು ಸೇರಿಸಿಕೊಂಡಿತು. 2021ರಲ್ಲಿ ಕೋರ್ಟ್ ಕಾಲೇಜಿಗೆ 5 ಕೋಟಿ ರೂಪಾಯಿ ಕಟ್ಟಲು ಹೇಳಿತು. ವಿದ್ಯಾರ್ಥಿಗಳಿಗೆ ಓದು ಮುಂದುವರಿಸಲು ಬಿಟ್ಟರೂ, ಎಂಬಿಬಿಎಸ್ ಮುಗಿದ ಮೇಲೆ ಎರಡು ವರ್ಷ ಸಮುದಾಯ ಸೇವೆ ಮಾಡಬೇಕೆಂದಿತು. ಕೇರಳದ ಮಕ್ಕಳಿಗೆ ಆ ಅದೃಷ್ಟವೂ ಇರಲಿಲ್ಲ. 2016-17ರಲ್ಲಿ ಕಣ್ಣೂರು ಮತ್ತು ಪಾಲಕ್ಕಾಡಿನ ಎರಡು ಕಾಲೇಜುಗಳ ಒಟ್ಟು 180 ಪ್ರವೇಶಗಳು ರದ್ದಾದವು. ಅವರನ್ನು ಉಳಿಸಲು ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತು, 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಹೊಡೆದುಹಾಕಿತು. ಕಣ್ಣೂರಿನ ಕಾಲೇಜು ಶುಲ್ಕದ ಎರಡರಷ್ಟು ಹಿಂದಿರುಗಿಸಬೇಕೆಂದು ಆದೇಶವಾಯಿತು, ನಿಜ. ಕಳೆದುಹೋದ ವರ್ಷಗಳನ್ನು ಹಿಂದಿರುಗಿಸುವವರು ಯಾರು?

ಸರಿಯಾದ ದಾರಿಯಲ್ಲೇ, ಕೆಇಎ ಮೂಲಕವೇ ಹೊಸ ಕಾಲೇಜಿನ ದುಬಾರಿ ಸೀಟು ಸಿಕ್ಕಿದೆ ಎನ್ನೋಣ. ಸೇರಬೇಕೋ ಬಿಡಬೇಕೋ? ನನ್ನ ವಾದ ಇಷ್ಟು: ಹಣ ಕಟ್ಟುವವರೆಗೆ ಪೋಷಕರ ಕೈ ಮೇಲೆ, ಕಟ್ಟಿದ ಮರುಗಳಿಗೆ ಕಾಲೇಜಿನ ಕೈ ಮೇಲೆ. ಕಾನೂನು ಕೊಟ್ಟ ಹಕ್ಕುಗಳನ್ನು ಬಳಸುವುದಿದ್ದರೆ ಮುಂಚೆಯೇ ಬಳಸಬೇಕು.

ಹೊಸ ಕಾಲೇಜು ಎಂದರೆ ಕಾನೂನಿನ ಕಣ್ಣಲ್ಲಿ ಇನ್ನೂ ಪೂರ್ತಿ ಮಾನ್ಯತೆ ಪಡೆಯದ ಕಾಲೇಜು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ (ಎನ್‌ಎಂಸಿ) ಕಾಯ್ದೆಯಡಿ ಅದಕ್ಕೆ ಮೊದಲು ಸಿಗುವುದು ಅನುಮತಿ ಪತ್ರ, ಎಲ್ಲರ ಬಾಯಲ್ಲಿ 'ಎಲ್‌ಒಪಿ'. ಮೊದಲ ಬ್ಯಾಚು ಅಂತಿಮ ಪರೀಕ್ಷೆಗೆ ಬರುವ ತನಕ ಇದನ್ನು ನವೀಕರಿಸಿಕೊಳ್ಳುತ್ತಾ ಹೋಗಬೇಕು, ಪದವಿಗೆ ಮಾನ್ಯತೆ ದೊರೆಯುವುದು ಆಮೇಲೆ. ಅಂದರೆ ಮೊದಲ ಕೆಲವು ಬ್ಯಾಚಿನ ಮಕ್ಕಳು ಕಾಲೇಜಿನ ಜೊತೆಗೆ ತಾವೂ ಪರೀಕ್ಷೆಗೆ ಕೂತಿರುತ್ತಾರೆ. ಗೋಡೆಯ ಮೇಲೆ 'ಎನ್‌ಎಂಸಿ ಅನುಮೋದಿತ' ಎಂದು ದೊಡ್ಡಕ್ಷರದಲ್ಲಿ ಬರೆದಿರುವುದನ್ನು ನೋಡಿ ಸುಮ್ಮನಾಗಬೇಡಿ. ಈ ಸಾಲಿನ ಎಲ್‌ಒಪಿ ಇದೆಯೇ, ಎಷ್ಟು ಸೀಟಿಗೆ, ಕೊರತೆಗಳನ್ನು ಪಟ್ಟಿ ಮಾಡಿ ಷರತ್ತಿನ ಮೇಲೆ ಕೊಟ್ಟದ್ದೇ ಎಂದು ಪತ್ರವನ್ನೇ ತರಿಸಿಕೊಂಡು ಓದಿ. ಇದರ ಜೊತೆಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯ ಕಾಗದವನ್ನೂ ಕೇಳಿ.

ಇನ್ನೊಂದು ಕಾಗದವನ್ನು ಬಹಳ ಮಂದಿ ಕೇಳುವುದೇ ಇಲ್ಲ: ರಾಜ್ಯ ಸರ್ಕಾರ ಕೊಡುವ ಅವಶ್ಯಕತಾ ಪ್ರಮಾಣಪತ್ರ. ಕಾಲೇಜು ಸೌಕರ್ಯ ಒದಗಿಸಲಾಗದೆ ಹೊಸ ಪ್ರವೇಶ ನಿಂತುಹೋದರೆ, ಅನುಮತಿಯ ಮೇಲೆ ಸೇರಿದ ವಿದ್ಯಾರ್ಥಿಗಳ ಹೊಣೆಯನ್ನು ಸರ್ಕಾರ ಹೊರುತ್ತದೆ ಎಂಬ ಮುಚ್ಚಳಿಕೆ ಇದರಲ್ಲಿದೆ. ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಪಂಜಾಬಿನ ಬನೂರಿನಲ್ಲಿದ್ದ ಗ್ಯಾನ್ ಸಾಗರ್ ಮೆಡಿಕಲ್ ಕಾಲೇಜು 2017ರಲ್ಲಿ ಮುಚ್ಚಿದಾಗ ಅಲ್ಲಿನ ವಿದ್ಯಾರ್ಥಿಗಳನ್ನು ರಾಜ್ಯದ ಬೇರೆ ಕಾಲೇಜುಗಳಿಗೆ ಹಂಚಲಾಯಿತು. ಆದರೆ ಅದಕ್ಕೂ ಮುನ್ನ ಮಕ್ಕಳೂ ಪೋಷಕರೂ ಬೀದಿಗಿಳಿಯಬೇಕಾಯಿತು. "ಸರಿಹೋಗದಿದ್ದರೆ ಎರಡನೇ ವರ್ಷಕ್ಕೆ ಬೇರೆ ಕಾಲೇಜಿಗೆ ಬದಲಾಯಿಸಿಕೊಳ್ಳೋಣ" ಎಂಬ ಲೆಕ್ಕಾಚಾರವಂತೂ ಬೇಡ. 2023ರ ನಿಯಮಾವಳಿ ಎಂಬಿಬಿಎಸ್ ವರ್ಗಾವಣೆಗೆ ಬಾಗಿಲು ಮುಚ್ಚಿತು. ಅದರ ವಿರುದ್ಧ ಕೆಲವರು ಕೋರ್ಟಿಗೆ ಹೋದದ್ದುಂಟು. ನಿಮ್ಮ ಮಗುವಿನ ಭವಿಷ್ಯವನ್ನು ಯಾರದೋ ಕೇಸಿನ ಮೇಲೆ ನಿಲ್ಲಿಸುವುದು ಜಾಣತನವಲ್ಲ.

ಕಾಗದ ನೋಡಿದ ಮೇಲೆ ಆಸ್ಪತ್ರೆ ನೋಡಿ. ಕಾಲೇಜಿನ ಕಟ್ಟಡವಲ್ಲ, ಆಸ್ಪತ್ರೆ. ಆಯೋಗದ 2023ರ ಮಾನದಂಡದಂತೆ 100 ಸೀಟಿನ ಕಾಲೇಜಿಗೆ 420 ಹಾಸಿಗೆ, 150ಕ್ಕೆ 605 ಹಾಸಿಗೆ ಬೇಕು, ಅದರಲ್ಲಿ ನೂರಕ್ಕೆ 80ರಷ್ಟು ತುಂಬಿರಬೇಕು. ಒಂದು ಸೀಟಿಗೆ ದಿನಕ್ಕೆ 8 ಹೊರರೋಗಿಗಳು, ಅಂದರೆ 100 ಸೀಟಿಗೆ 800. ಹೇಳಿ ಹೋಗಬೇಡಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಓಪಿಡಿ ಚೀಟಿ ಮಾಡಿಸುವ ಕೌಂಟರಿನ ಮುಂದೆ ಅರ್ಧ ಗಂಟೆ ನಿಂತು, ಚೀಟಿಯ ಮೇಲಿನ ಕ್ರಮಸಂಖ್ಯೆ ಎಷ್ಟರಿಂದ ಎಷ್ಟಕ್ಕೆ ಹೋಯಿತು ಎಂದು ನೋಡಿ. ವಾರ್ಡಿಗೆ ಹೋದರೆ ಮಂಚದ ತುದಿಯಲ್ಲಿ ಕೇಸ್ ಶೀಟು ತೂಗಿದೆಯೇ, ಡ್ರಿಪ್ ಸ್ಟ್ಯಾಂಡಿನಲ್ಲಿ ಬಾಟಲಿ ಇದೆಯೇ, ಹಾಸಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದೆ ಹಾಗೇ ಇದೆಯೇ ಗಮನಿಸಿ. ಹೆರಿಗೆ ವಾರ್ಡಿನ ಹೊರಗೆ ಫ್ಲಾಸ್ಕು, ಬಟ್ಟೆಗಂಟು ಹಿಡಿದ ಅಜ್ಜಿಯಂದಿರು ಕಾಣದಿದ್ದರೆ ಅಲ್ಲಿ ಹೆರಿಗೆಯೇ ಆಗುತ್ತಿಲ್ಲ ಎಂದರ್ಥ. ಪರಿವೀಕ್ಷಣೆಯ ದಿನ ಬಾಡಿಗೆ ರೋಗಿಗಳು, ಹೆಸರಿಗಷ್ಟೇ ಇರುವ ಬೋಧಕರು ಎಂಬುದು ಬರೀ ಪುಕಾರಲ್ಲ. 2025ರಲ್ಲಿ ಸಿಬಿಐ ದಾಖಲಿಸಿದ ಎಫ್‌ಐಆರ್‌ನಲ್ಲಿ ಇದೇ ಆರೋಪಗಳಿವೆ, ಪರಿವೀಕ್ಷಣೆಯ ಮಾಹಿತಿ ಮೊದಲೇ ಸೋರಿಕೆಯಾಗುತ್ತಿತ್ತು ಎಂಬುದೂ ಸೇರಿ. ಆದ್ದರಿಂದ ಪರಿವೀಕ್ಷಣೆ ಪಾಸಾಗಿದೆ ಎಂಬ ಕಾಗದಕ್ಕಿಂತ ನಿಮ್ಮ ಕಣ್ಣನ್ನೇ ನಾನು ಹೆಚ್ಚು ನಂಬುತ್ತೇನೆ.

ಇನ್ನು ದುಡ್ಡಿನ ಮಾತು. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೂ 'ಪಿ' (ಖಾಸಗಿ ಕೋಟಾ) ಸೀಟಿಗೂ ಶುಲ್ಕದಲ್ಲಿ ಅಜಗಜಾಂತರ. ಪಿ ಸೀಟಿನ ವಾರ್ಷಿಕ ಶುಲ್ಕ ಹತ್ತು ಲಕ್ಷ ದಾಟಿದೆ. 'ಕ್ಯೂ' (ಮ್ಯಾನೇಜ್‌ಮೆಂಟ್) ಮತ್ತು ಎನ್‌ಆರ್‌ಐ ಸೀಟುಗಳದ್ದು ಅದಕ್ಕಿಂತ ಬಹಳ ಮೇಲೆ. ಈ ಶುಲ್ಕದ ಜಗಳದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾತ್ರವಿದೆ. ತುಮಕೂರಿನ ಖಾಸಗಿ ಕಾಲೇಜು ಸರ್ಕಾರಿ ಸೀಟಿನವರಿಗೆ 2,000 ರೂಪಾಯಿ ಇದ್ದಲ್ಲಿ ಹೊರರಾಜ್ಯದವರಿಗೆ 60,000 ಕೇಳಿತೆಂದು ಮೀರತ್‌ನ ಮೋಹಿನಿ ಜೈನ್ ಹೂಡಿದ ದಾವೆಯಲ್ಲೇ 1992ರಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ಶುಲ್ಕವನ್ನು ಅಕ್ರಮ ಎಂದದ್ದು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು, 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪು, ಎರಡರಲ್ಲೂ ಎದುರು ಪಕ್ಷ ಕರ್ನಾಟಕ ಸರ್ಕಾರವೇ.

ಈ ತೀರ್ಪುಗಳಿಂದ ಪೋಷಕರ ಕೈಗೆ ಸಿಕ್ಕಿದ್ದೇನು? ಒಂದು, ಕಾಲೇಜಿಗೆ ಸಮಂಜಸ ಉಳಿಕೆ ಇರಬಹುದು, ಲಾಭಕೋರತನ ಕೂಡದು. 2022ರಲ್ಲಿ ಆಂಧ್ರದ ಖಾಸಗಿ ಕಾಲೇಜುಗಳ ಶುಲ್ಕವನ್ನು ವರ್ಷಕ್ಕೆ 24 ಲಕ್ಷಕ್ಕೆ ಏರಿಸಿದ್ದ ಸರ್ಕಾರಿ ಆದೇಶವನ್ನು ಕೋರ್ಟ್ ಒಪ್ಪದೆ, ಹೆಚ್ಚುವರಿ ವಸೂಲಿಯನ್ನು ವಾಪಸು ಕೊಡಿಸಿದ್ದು ಇದೇ ತತ್ವದ ಮೇಲೆ. ಎರಡನೆಯದು ದಿನನಿತ್ಯ ಉಪಯೋಗಕ್ಕೆ ಬರುವಂಥದ್ದು: ಇಡೀ ಕೋರ್ಸಿನ ಶುಲ್ಕವನ್ನು ಒಟ್ಟಿಗೆ ಕೇಳುವಂತಿಲ್ಲ. ಒಂದು ಸಲಕ್ಕೆ ಒಂದು ವರ್ಷದ್ದು ಮಾತ್ರ. ವಿದ್ಯಾರ್ಥಿ ನಡುವೆ ಬಿಟ್ಟುಹೋದಾನೆಂಬ ಭಯವಿದ್ದರೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು, ಅಷ್ಟೇ. "ಐದು ವರ್ಷದ್ದೂ ಈಗಲೇ ಕಟ್ಟಿದರೆ ರಿಯಾಯಿತಿ" ಎಂದರೆ, ಇನ್ನೂ ಪೂರ್ತಿ ಮಾನ್ಯತೆಯಿಲ್ಲದ ಕಾಲೇಜಿಗೆ ನೀವು ಬಡ್ಡಿಯಿಲ್ಲದ ಸಾಲ ಕೊಟ್ಟಂತೆ.

ಕೆಇಎ ಪ್ರಕಟಿಸುವ ಶುಲ್ಕಪಟ್ಟಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಿಗೆ ಕೇಳಿದ್ದು 'ಅಭಿವೃದ್ಧಿ ನಿಧಿ' ಆಗಲಿ, ಟ್ರಸ್ಟಿಗೆ 'ದೇಣಿಗೆ' ಆಗಲಿ, 1984ರ ಕರ್ನಾಟಕದ ಕ್ಯಾಪಿಟೇಶನ್ ನಿಷೇಧ ಕಾಯ್ದೆಯಡಿ ಜೈಲಿಗೆ ಕಳಿಸಬಲ್ಲ ಅಪರಾಧ. ದಿನಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನೂ ಒಪ್ಪುವುದಿಲ್ಲ. ಹಾಸ್ಟೆಲು, ಮೆಸ್ಸು, ಬಸ್ಸು, ಠೇವಣಿ ಎಲ್ಲವನ್ನೂ ಲಿಖಿತವಾಗಿ ಪಡೆಯಿರಿ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಆ ಕೊನೆಯ ವರ್ಷಕ್ಕೂ ಶುಲ್ಕ ಹೇರುತ್ತಾರೆಯೇ, ಸ್ಟೈಪೆಂಡ್ ಎಷ್ಟು ಎಂಬುದನ್ನು ಸೇರುವ ಮೊದಲೇ ಕೇಳಿ. ಸೇರಿದ ಮೇಲೆ ಕೇಳಿದರೆ ಉತ್ತರದ ಧಾಟಿಯೇ ಬೇರೆ.

ಸಾಲದ ವಿಷಯದಲ್ಲಿ ಹೊಸ ಕಾಲೇಜಿಗೊಂದು ಕುತ್ತಿದೆ. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಜಾಮೀನುರಹಿತ ಸಾಲ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಮೇಲಿರುವ ಹಾಗೂ ಕೆಲವು ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಹೊಸ ಖಾಸಗಿ ಕಾಲೇಜು ಆ ಪಟ್ಟಿಯಲ್ಲಿರುವುದು ದೂರದ ಮಾತು. ಮಾಮೂಲಿ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಅಡಮಾನ ಕೇಳುತ್ತದೆ. ಹಾಗಾಗಿ ಮನೆ, ತೋಟದ ಪಹಣಿ ಬ್ಯಾಂಕಿನ ಮೇಜಿಗೆ ಬರುತ್ತದೆ. ಸೀಟು ಹಂಚಿಕೆಯಾದ ಮೇಲೆ ಬ್ಯಾಂಕಿಗೆ ಓಡುವ ಬದಲು ಮ್ಯಾನೇಜರನ್ನು ಮೊದಲೇ ಕಂಡು, ಈ ಕಾಲೇಜಿಗೆ ಎಷ್ಟು ಕೊಡುತ್ತೀರಿ ಎಂದು ಬರಹದಲ್ಲಿ ತೆಗೆದುಕೊಳ್ಳಿ. ಅವರು ಹಿಂಜರಿದರೆ ಕಾರಣ ಕೇಳಿ. ಕೆಲವೊಮ್ಮೆ ಬ್ಯಾಂಕಿನವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ.

ಸೇರಿದ ಮೇಲೆ ಮೋಸ ಹೋದರೆ? ಗ್ರಾಹಕ ನ್ಯಾಯಾಲಯವನ್ನು ಹೆಚ್ಚು ನೆಚ್ಚಬೇಡಿ. ಶಿಕ್ಷಣ ಸರಕಲ್ಲ ಎಂದು ಸುಪ್ರೀಂ ಕೋರ್ಟೇ 2012ರಲ್ಲಿ ಹೇಳಿದೆ, ರಾಷ್ಟ್ರೀಯ ಗ್ರಾಹಕ ಆಯೋಗವೂ 2020ರಲ್ಲಿ ಅದೇ ದಾರಿ ಹಿಡಿಯಿತು. ಆದರೂ ಇಲ್ಲದ ಮಾನ್ಯತೆಯನ್ನು ಇದೆಯೆಂದು ಜಾಹೀರಾತು ಕೊಟ್ಟ ಪಟ್ನಾದ ದಂತ ಕಾಲೇಜೊಂದರ ವಿರುದ್ಧ 2009ರಲ್ಲಿ ವಿದ್ಯಾರ್ಥಿಗಳು ಗೆದ್ದದ್ದುಂಟು. ಅದಕ್ಕೇ ಬ್ರೋಶರು, ವಾಟ್ಸಾಪ್ ಸಂದೇಶ, ರಸೀದಿ ಯಾವುದನ್ನೂ ಅಳಿಸಬೇಡಿ. ಹೆಚ್ಚಿನ ಶುಲ್ಕ ಕೇಳಿದರೆ 2006ರ ರಾಜ್ಯ ಕಾಯ್ದೆಯಡಿಯ ಶುಲ್ಕ ನಿಯಂತ್ರಣ ಸಮಿತಿಗೂ ಕೆಇಎಗೂ ಲಿಖಿತ ದೂರು, ಬ್ರೋಕರ್ ಹಣ ನುಂಗಿದರೆ ಪೊಲೀಸ್ ಠಾಣೆಯಲ್ಲಿ ವಂಚನೆಯ ಎಫ್‌ಐಆರ್, ಮಾನ್ಯತೆಯ ತಕರಾರಾದರೆ ಹೈಕೋರ್ಟಿನಲ್ಲಿ ರಿಟ್.

ಮಾಹಿತಿ ಹಕ್ಕನ್ನು ಮರೆಯಬೇಡಿ. ಖಾಸಗಿ ಕಾಲೇಜು "ನಮಗೆ ಆರ್‌ಟಿಐ ಅನ್ವಯಿಸಲ್ಲ" ಎನ್ನಬಹುದು. ಆದರೆ ಅದರ ಕಾಗದಗಳಿರುವುದು ಆಯೋಗದಲ್ಲಿ, ವಿಶ್ವವಿದ್ಯಾಲಯದಲ್ಲಿ, ಮತ್ತು ಅವರಿಗೆ ಖಂಡಿತ ಅನ್ವಯಿಸುತ್ತದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಕೌನ್ಸೆಲಿಂಗ್ ಸುತ್ತುಗಳ ನಡುವೆ ಅಷ್ಟು ದಿನ ಸಿಗುವುದಿಲ್ಲ. ಮೇ ತಿಂಗಳಲ್ಲಿ ನೀಟ್ ಬರೆದು ಬಂದ ವಾರವೇ ಮನಸ್ಸಿನಲ್ಲಿರುವ ಎರಡು-ಮೂರು ಹೊಸ ಕಾಲೇಜುಗಳ ಎಲ್‌ಒಪಿ, ಕೊರತೆ ಪಟ್ಟಿ, ಕಾಲೇಜಿಗೆ ಹೋದ ನೋಟಿಸುಗಳ ಪ್ರತಿ ಕೇಳಿ ಅರ್ಜಿ ಹಾಕಿದರೆ ಆಪ್ಷನ್ ಎಂಟ್ರಿಯ ಹೊತ್ತಿಗೆ ಉತ್ತರ ಕೈಯಲ್ಲಿರುತ್ತದೆ.

ಆಪ್ಷನ್ ಎಂಟ್ರಿಯಲ್ಲಿ "ಇರಲಿ" ಎಂದು ಕೊನೆಯಲ್ಲಿ ತುರುಕಿದ ಕಾಲೇಜೇ ಹಂಚಿಕೆಯಾಗುವುದುಂಟು. ಸುತ್ತುಗಳು ಮುಂದುವರಿದಂತೆ ಸೀಟು ಬಿಡುವ ದಂಡ ಏರುತ್ತದೆ. ಕೊನೆಯ ಸ್ಟ್ರೇ ಸುತ್ತಿನ ಸೀಟು ಬಿಟ್ಟರೆ ಠೇವಣಿಯಷ್ಟೇ ಅಲ್ಲ, ಮುಂದಿನ ಸಲದ ನೀಟ್‌ಗೂ ಅಡ್ಡಿಯಾಗಬಹುದು. ಆ ವರ್ಷದ ಮಾಹಿತಿ ಪುಸ್ತಿಕೆಯ ದಂಡದ ಪುಟವನ್ನು ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಂಡು ಓದಿ. ಹಣ ಹೊಂದಿಸಲಾಗದ ಕಾಲೇಜುಗಳ ಹೆಸರನ್ನು ಆಪ್ಷನ್ ಲಾಕ್ ಆಗುವ ಮೊದಲು ಪಟ್ಟಿಯಿಂದ ತೆಗೆದುಹಾಕಿ.