ಆಶ್ರಯ ಮತ್ತು ವಿಡಂಬನೆ: ಚಿತ್ರೋದ್ಯಮವನ್ನು ಕುರಿತ ಎರಡು ಕೃತಿಗಳು

ವಿರೂಪಾಪುರಗಡ್ಡೆಯಿಂದ ತುಂಗಭದ್ರೆಯ ಆಚೆ ದಡಕ್ಕೆ ಕಾಣುವ ಹಂಪಿಯೊಂದಿಗೆ ತೆನಾಲಿ ರಾಮಕೃಷ್ಣನ ಕಥೆಗಳು ಹೆಣೆದುಕೊಂಡಿವೆ. ಅವುಗಳಲ್ಲಿ ವಿಕಟಕವಿಯು ಅರಸನಾದ ಕೃಷ್ಣದೇವರಾಯನನ್ನೇ ಗೇಲಿ ಮಾಡುತ್ತಾನೆ. ಅರಸ ಮುನಿಯುತ್ತಾನೆ, ಕೊನೆಗೆ ನಕ್ಕು ಕ್ಷಮಿಸುತ್ತಾನೆ. ಅನ್ನವಿಕ್ಕುವವನನ್ನು ನಗೆಗೀಡುಮಾಡುವ ಈ ಸ್ವಾತಂತ್ರ್ಯ ಆಶ್ರಯದಾತನ ಸಹನೆ ಇರುವವರೆಗೆ ಮಾತ್ರ ಬಾಳುತ್ತದೆ. ಚಿತ್ರೋದ್ಯಮವನ್ನು ಕುರಿತ ವಿಡಂಬನೆಗೂ ಈ ಮಾತು ಅನ್ವಯಿಸುತ್ತದೆಯೇ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಕ್ರಿಸ್ ಥಾಂಪ್ಸನ್ ರೂಪಿಸಿದ ‘ಆಕ್ಷನ್’ ಧಾರಾವಾಹಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 1999ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಅದರ ಕೇಂದ್ರ ಪಾತ್ರವಾದ ಪೀಟರ್ ಡ್ರ್ಯಾಗನ್ ಹಾಲಿವುಡ್ಡಿನ ದುರಹಂಕಾರಿ ನಿರ್ಮಾಪಕ. ಹೆಸರಿನ ಗೊಂದಲದಿಂದ ಆತ ತಾನು ಬಯಸಿದ ಲೇಖಕನನ್ನು ಬಿಟ್ಟು ಬೇರೊಬ್ಬನ ಚಿತ್ರಕಥೆಯನ್ನು ಕೊಂಡುಬಿಡುತ್ತಾನೆ. ಉದ್ಯಮದಲ್ಲಿ ಕೃತಿಗಿಂತ ಹೆಸರಿಗೇ ಬೆಲೆ ಎಂಬ ಟೀಕೆ ಈ ಒಂದೇ ಪ್ರಸಂಗದಲ್ಲಿ ಅಡಗಿದೆ. ಚಂದಾದಾರರ ಹಣದಿಂದ ನಡೆಯುವ ಎಚ್‌ಬಿಒ ವಾಹಿನಿಗಾಗಿ ಮೊದಲು ಯೋಜಿತವಾಗಿದ್ದ ಈ ಕೃತಿ, ಜಾಹೀರಾತನ್ನು ಅವಲಂಬಿಸಿದ ಫಾಕ್ಸ್‌ಗೆ ಬಂದಿತು. ಪಾತ್ರಗಳ ಬೈಗುಳಗಳನ್ನು ‘ಬೀಪ್’ ಸದ್ದು ಮುಚ್ಚಿತು. ನೋಡುಗರ ಸಂಖ್ಯೆ ಸಾಲದೆ, ಸಿದ್ಧವಾದ 13 ಕಂತುಗಳಲ್ಲಿ 8 ಪ್ರಸಾರವಾಗುವಷ್ಟರಲ್ಲಿ ವಾಹಿನಿ ಅದನ್ನು ನಿಲ್ಲಿಸಿತು.

ಇದಕ್ಕೆ ಹಿಂದಿನ ವರ್ಷ, 1998ರಲ್ಲಿ, ಉಪೇಂದ್ರ ನಿರ್ದೇಶಿಸಿ ನಟಿಸಿದ ‘ಎ’ ತೆರೆಕಂಡಿತ್ತು. ನಿರ್ದೇಶಕ ಸೂರ್ಯ ಹಾಗೂ ನಟಿ ಚಾಂದಿನಿಯರ ಕಥೆಯನ್ನು ಹಿಂದುಮುಂದಾಗಿ ಹೇಳುತ್ತ ಚಿತ್ರರಂಗದ ಒಳಗಿನ ಶೋಷಣೆಯನ್ನು ಬಯಲಿಗೆಳೆಯುವ ಈ ಚಿತ್ರ, ‘ಬುದ್ಧಿವಂತರಿಗೆ ಮಾತ್ರ’ ಎಂದು ಪ್ರೇಕ್ಷಕನನ್ನೇ ಕೆಣಕಿತು. ಜನ ಟಿಕೆಟ್ ಕೊಂಡು ನೋಡಿದರು. 2024ರಲ್ಲಿ ಅದು ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಆಶ್ರಯವೊಂದೇ ಇದಕ್ಕೆ ಕಾರಣವಲ್ಲ. ‘ಎ’ಯಲ್ಲಿ ವಿಡಂಬನೆ ಪ್ರೇಮಕಥನದೊಳಗೆ ಬೆರೆತಿರುವುದರಿಂದ ಉದ್ಯಮದ ಒಳಗುಟ್ಟು ಅರಿಯದವನಿಗೂ ವಂಚನೆಯ ನೋವು ಮುಟ್ಟುತ್ತದೆ. ಡ್ರ್ಯಾಗನ್ನನಾದರೋ ನೋಡುಗ ಮರುಗಬಹುದಾದ ನಾಯಕನಲ್ಲ. ಅಂಥ ನಿಷ್ಠುರ ನಗೆಗೆ ಕಾಲಾವಕಾಶ ಬೇಕು. ನೋಡುಗರನ್ನು ವಾರವಾರವೂ ಎಣಿಸುವ ವಾಹಿನಿ ಅದನ್ನು ಕೊಡಲಿಲ್ಲ.

ಆದ್ದರಿಂದ ಅಲ್ಪಾಯುಷ್ಯವನ್ನೇ ಸೋಲೆಂದು ಎಣಿಸಲಾಗದು. ‘ಆಕ್ಷನ್’ನ ಎಲ್ಲ ಕಂತುಗಳೂ 2006ರಲ್ಲಿ ಡಿವಿಡಿಯಾಗಿ ಬಂದದ್ದರಿಂದ ಅದನ್ನು ಕುರಿತು ಇಂದಿಗೂ ಚರ್ಚೆ ಸಾಧ್ಯವಾಗಿದೆ. ಕನ್ನಡ ವಿಡಂಬನೆಯ ಚರಿತ್ರೆಯನ್ನು ಬರೆಯುವಾಗ ಉಳಿದುಬಂದ ಕೃತಿಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ನಗೆಯನ್ನು ಸಹಿಸಿದ ಆಶ್ರಯಗಳ ಚರಿತ್ರೆಯನ್ನು ಮಾತ್ರ ಬರೆದಂತಾಗುತ್ತದೆ. ಅರ್ಧಕ್ಕೇ ನಿಂತ ಕಿರುತೆರೆಯ ಕೃತಿಗಳನ್ನು ಸಂಗ್ರಹಿಸಿ, ಅವು ನಿಂತ ಕಾರಣಗಳೊಡನೆ ಓದುವುದು ಕನ್ನಡ ಸಂಶೋಧನೆಯ ಹೊಣೆಯೂ ಹೌದು.