ದೂತಿ ನಗಸೂ ರೀತಿ

ತಮ್ಮಾ, ನಿನ್ನೆ ರಾತ್ರಿ ನೀ ಜಿಟಿಎ ಆರ್‌ಪಿ, ಅಂದ್ರ ಕಂಪ್ಯೂಟರಿನ್ಯಾಗ ಒಬ್ಬೊಬ್ಬರು ಒಂದೊಂದು ಪಾತ್ರ ಹಾಕೂ ಆಟ, ಆಡೂದನ್ನ ಹಿಂದ ನಿಂತು ನೋಡಿದೆ. ಅದರಾಗ ನೀ ಆಂಬುಲೆನ್ಸ್ ಡಾಕ್ಟರ್. ಗುಂಡು ತಾಗಿ ರಸ್ತೇದಾಗ ಬಿದ್ದ ಹುಡುಗ "ನಮ್ಮವ್ವಗ ಒಂದ್ ಫೋನ್ ಹಚ್ಚಿ ಕೊಡ್ರಿ" ಅಂತ ನರಳಾಕತ್ತಿದ್ದ. ನೀ ಅವನ ಮುಂದ ಡ್ಯಾನ್ಸ್ ಮಾಡಿದಿ. ಎಲ್ಲಾರೂ ನಕ್ಕರು, ಖರೆ. ಆ ಹುಡುಗನ ಬಾಯಿ ಮಾತ್ರ ಕಟ್ಟಿಹೋತು. ಮುಂದ ಆಡಾಕ ಅವಗ ಏನೂ ಉಳೀಲಿಲ್ಲ.

ನಗಸಬ್ಯಾಡ ಅನ್ನಂಗಿಲ್ಲ ನಾ. ಶ್ರೀಕೃಷ್ಣ ಪಾರಿಜಾತದ ಸೀಮ್ಯಾಗ ಹುಟ್ಟಿದಾವ ಹಂಗ ಹೆಂಗ ಅಂದಾನು? ಅಪರಾಳ ತಮ್ಮಣ್ಣ ಬರದದ್ದನ್ನ ಕುಲಗೋಡ ತಮ್ಮಣ್ಣ ಬಯಲಾಟಕ್ಕ ಹೊಂದಿಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದಳು. ಕುಲಗೋಡ, ಕೌಜಲಗಿ ಎರಡೂ ನಮ್ಮ ಬೆಳಗಾವಿ ಜಿಲ್ಲಾದ ಊರು. ಪಾರಿಜಾತದಾಗ ಹಾಡು ಬರದಿಟ್ಟದ್ದು, ಮಾತು ಅಲ್ಲಲ್ಲೇ ಹುಟ್ಟಬೇಕು. ನಿಮ್ಮ ಆಟದ ಸರ್ವರಿನಾಗ ಇದ್ದಂಗ.

ನಾರದ ತಂದ ಪಾರಿಜಾತದ ಹೂವು ರುಕ್ಮಿಣಿ ಪಾಲಾತು ಅಂತ ಸತ್ಯಭಾಮಾ ಕೆಂಡ ಆಗಿರತಾಳ. ಆಗ ಆಕಿ ಸಖಿ ದೂತಿ, "ಒಂದ್ ಹೂವಿಗೆ ಇಷ್ಟ್ಯಾಕವ್ವಾ, ಸಂತ್ಯಾಗ ಎರಡು ಮಾರು ತಂದ್ರಾತಿಲ್ಲೋ" ಅನ್ನೂವಂಥಾ ಮಾತು ಒಗೀತಾಳ. ಮಂದಿ ಬಿದ್ದು ಬಿದ್ದು ನಗತಾರ, ಭಾಮಾನ ಸಿಟ್ಟು ಇನ್ನಷ್ಟು ಏರತೈತಿ. ಆ ಸಿಟ್ಟಿನ ಮ್ಯಾಲೆ ಭಾಮಾ ಮುಂದಿನ ಹಾಡು ಎತ್ತತಾಳ. ದೂತಿ ಚುಚ್ಚೂದು ಆಕಿ ಸೊಕ್ಕಿಗೆ, ದುಃಖಕ್ಕಲ್ಲ. ಹಾಡು ಸುರು ಆದ್ರ ಬಾಯಿ ಮುಚ್ಚಗೊಂಡು ನಿಲ್ಲೂದೂ ಆಕಿಗೆ ಗೊತ್ತಿರಬೇಕು. ನನ್ನ ಕೇಳಿದ್ರ ಭಾಮಾನಕಿಂತ ದೂತಿ ಮಾಡೂದ ಕಠಿಣ.

ನಿನ್ನ ಡಾಕ್ಟರ್ ಪಾತ್ರಕ್ಕೂ ಇದ ರೀತಿ. ನಾವು ಇರೂದು ಬೆಳಗಾವಿ ನೆಹರು ನಗರದಾಗ, ಬಾಜೂಕ ಕೆ.ಎಲ್.ಇ. ದವಾಖಾನಿ. ಸೈರನ್ ಸಪ್ಪಳ ನಿನಗ ಹೊಸಾದಲ್ಲ. ಖರೇ ಡಾಕ್ಟರೂ ಚಾಷ್ಟಿ ಮಾಡ್ತಾರಪಾ. ತಲಿ ಒಡಕೊಂಡು ಬಂದಾವಗ "ಹೆಲ್ಮೆಟ್ ಅತ್ತೀ ಮನ್ಯಾಗ ಮರತ್ ಬಂದಿಯೇನೋ?" ಅಂತ ಕೇಳತಾರ, ಹೊಲಿಗಿ ಹಾಕೂ ಕೈ ಮಾತ್ರ ನಿಂದರೂದಿಲ್ಲ. ನೀನೂ ಹಂಗ ಮಾಡು. ಕೈಯಾಗ ಪಟ್ಟಿ ಕಟ್ಟತಿರು, ಬಾಯಾಗ ಏನರ ಅಂದ್ಕೋ. ಎದುರಿನಾಂವ ಆಟ ಬಿಟ್ಟು ಖರೇನ ಬ್ಯಾಸರ ಮಾಡಕೊಂಡಂಗ ಅನಿಸಿದ್ರ, ಪಾತ್ರ ಬದಿಗಿಟ್ಟು ಒಂದು ಮೆಸೇಜ್ ಹಾಕಿ ಕೇಳು.

ಇನ್ನ ನಿಮ್ಮ ಆಟದಾಗಿನ ಆ ಕರೇ ಕೋಟಿನ ಗ್ಯಾಂಗಸ್ಟರ್! ನಗೂದಿಲ್ಲ, ಕೆಮ್ಮೂದಿಲ್ಲ, ಬರೇ ಸಿನಿಮಾ ಡೈಲಾಗ್. ಅವನ್ನ ನೋಡಿದ್ರ ನನಗ ನಿದ್ದಿ ಬರತೈತಿ. ಅಂಥಾವ ನಿನ್ನ ಗಾಡಿ ಹತ್ತಿದ್ರ, ಆಂಬುಲೆನ್ಸ್ ಬಾಡಿಗಿ ಯಾರ್ ಕೊಡಾವ್ರು, ಗ್ಯಾಂಗಿನವರೋ ಮನಿಯವರೋ ಅಂತ ಕೇಳು. ಸಿಟ್ಟಿಗೇಳ್ತಾನ, ಏಳಲಿ. ಆಗರ ಅವನ ಬಾಯಿಂದ ಒಂದು ಸ್ವಂತ ಮಾತು ಬಂದೀತು.